ಮೂಡು ಬದಿಯ ಸಮುದ್ರ

ಫೋನು ಸೊಂಟದ ಚೀಲದೊಳಗೆ ಅದುರತೊಡಗಿದಾಗ ಗೋಮತಿ ವಿಯೆಟ್ನಾಮಿನ ಡಾನಾಂಗ್ ಎಂಬ ಊರಿನಲ್ಲಿ, ದೊಡ್ಡದೊಂದು ರಸ್ತೆಯ ನಟ್ಟನಡುವೆ ಇದ್ದಳು. ನಿಲ್ಲಬಾರದು, ಓಡಲೂ ಬಾರದು, ಒಂದೇ ಸಮನೆ ನಡೆಯುತ್ತಿರಬೇಕು, ಸ್ಕೂಟರುಗಳೇ ಬಳಸಿಕೊಂಡು ಹೋಗುತ್ತವೆ ಎಂದು ಮಗಳು ಅನ್ವಿತಾ ಹೇಳಿಕೊಟ್ಟಿದ್ದಳು. ಮೊದಲ ಸಲ ಮಗಳ ಕೈ ಹಿಡಿದು, ಕಣ್ಣು ಮುಚ್ಚಿ, ಸಾಲಿಗ್ರಾಮದ ಗುರುನರಸಿಂಹನನ್ನು ನೆನೆದು ದಾಟಿದ್ದಳು. ಎರಡನೇ ಸಲ ಕಣ್ಣು ತೆರೆದುಕೊಂಡು. ಆಮೇಲೆ ಆಚೆ ಬದಿಯಲ್ಲಿ ಏನೂ ಕೆಲಸವಿಲ್ಲದಿದ್ದರೂ ಸುಮ್ಮನೆ ಒಮ್ಮೆ ಹೋಗಿಬಂದಳು. ಈಗ ಒಬ್ಬಳೇ ದಾಟುತ್ತಿದ್ದಳು. ಬಾರ್ಕೂರಿನ ಹೊಳೆಗೆ ಇಳಿದರೆ ನೀರು ಮೊಣಕಾಲನ್ನು ಬಳಸಿ ಹೋಗಿ ಹಿಂದೆ ಮತ್ತೆ ಕೂಡಿಕೊಳ್ಳುತ್ತದಲ್ಲ, ಹಾಗೆ ಸ್ಕೂಟರುಗಳು ಅವಳ ಎರಡು ಪಕ್ಕಕ್ಕೂ ಸೀಳಿ ಹರಿಯುತ್ತಿದ್ದವು. ಒಂದರ ಮೇಲೆ ಇಡೀ ಸಂಸಾರ, ಇನ್ನೊಂದರ ಮೇಲೆ ನಿಲ್ಲಿಸಿ ಕಟ್ಟಿದ ಫ್ರಿಜ್ಜು, ಮತ್ತೊಂದರ ಮೇಲೆ ಮರವೆಂದೇ ಹೇಳಬಹುದಾದ ಹೂವಿನ ಗಿಡ. ಹೊಟ್ಟೆಯೊಳಗಿಂದ ನಗು ಉಕ್ಕಿ ಬರುತ್ತಿತ್ತು. ನಲವತ್ತೊಂಬತ್ತರ ಹೆಂಗಸು ನಡುರಸ್ತೆಯಲ್ಲಿ ಒಬ್ಬಳೇ ನಗಬಾರದು ಎಂದು ಅನಿಸಿದ್ದೇ ತಡ, ಇನ್ನಷ್ಟು ಬಂತು. ಆಗಲೇ ಫೋನು. ನಡೆಯುತ್ತಲೇ ತೆಗೆದು ನೋಡಿದಳು. ಸುಗುಣಕ್ಕ. ಕಾಲು ನಿಂತುಬಿಟ್ಟಿತು.

"ಅಮ್ಮಾ, ನಿಲ್ಬೇಡ. ಬಾ" ಎಂದು ಅನ್ವಿತಾ ಆಚೆ ಬದಿಯಿಂದ ಕೂಗಿದಳು. ಒಂದು ಸ್ಕೂಟರು ಅವಳ ಚೂಡಿದಾರದ ವೇಲನ್ನು ಸವರಿಕೊಂಡೇ ಹೋಯಿತು. ಗೋಮತಿ ಫೋನನ್ನು ಹಾಗೇ ಚೀಲಕ್ಕೆ ತುರುಕಿ, ಓಡಬಾರದು ಎಂಬುದನ್ನು ಮರೆತು ಓಡಿದಳು. ಆಚೆ ತಲುಪಿದ ಮೇಲೂ ಅದು ಹೊಟ್ಟೆಯ ಮೇಲೆ ಕಪ್ಪೆಯ ಹಾಗೆ ಅದುರುತ್ತಲೇ ಇತ್ತು.

ಸುಗುಣಕ್ಕ ಗಂಡನ ಅಕ್ಕ. ಸಿದ್ದಾಪುರಕ್ಕೆ ಕೊಟ್ಟದ್ದು. ಹಬ್ಬಕ್ಕೆ, ಮದುವೆಗೆ, ಮಕ್ಕಳ ಪರೀಕ್ಷೆಗೆ ಎಂದೂ ಫೋನು ಮಾಡಿದವಳಲ್ಲ. ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ, ಸುದ್ದಿ ಮೊದಲು ಅವಳಿಗೆ ಹೇಗೆ ತಲುಪುತ್ತದೋ, ಎಲ್ಲರ ಮನೆಯ ಫೋನೂ ಬಾರಿಸುತ್ತಾಳೆ. "ಅಕ್ಕನ ಫೋನ್ ಬಂತ್. ಮೀವುಕೆ ನೀರ್ ತೆಗ್ದಿಡ್" ಎಂದೇ ಗಂಡ ಮಹಾಲಿಂಗ ಹೇಳುವುದು, ಎತ್ತುವ ಮೊದಲೇ. ಗೋಮತಿ ಹೊರಡುವಾಗ ಬಾರ್ಕೂರಿನ ದೊಡ್ಡಮ್ಮ ಅನ್ನ ಬಿಟ್ಟು ಗಂಜಿತಿಳಿಗೆ ಇಳಿದಿದ್ದರು. ಮಾವನ ಅಣ್ಣನ ಹೆಂಡತಿ, ವನಜ ಎಂಬ ಹೆಸರನ್ನು ಎಲ್ಲರೂ ಮರೆತು ದೊಡ್ಡಮ್ಮ ಎಂದಷ್ಟೇ ಉಳಿದಿದ್ದ ಮುದುಕಿ. ಎತ್ತಿದರೆ ಸುಗುಣಕ್ಕ ಅಳು ತುಂಬಿದ ಧ್ವನಿಯಲ್ಲಿ ಒಂದೇ ಮಾತು ಹೇಳುತ್ತಾಳೆ, ಅಷ್ಟೇ, ಇದೆಲ್ಲ ಮುಗಿಯಿತು. ಸೂತಕ ಹಿಡಿಯುವುದು ಸಾವಿನಿಂದಲ್ಲ, ಸುದ್ದಿ ಕಿವಿಗೆ ಬಿದ್ದಲ್ಲಿಂದ. ಬಿದ್ದ ಕ್ಷಣ ಉಟ್ಟ ಬಟ್ಟೆಯಲ್ಲೇ ಮೀಯಬೇಕು. ಆಮೇಲೆ ನಗುವುದೇನು, ಒಗ್ಗರಣೆ ಹಾಕಿದ್ದನ್ನು ತಿನ್ನುವುದೇನು. ಕ್ರಿಯೆಗಳಿಗೆ ಸೊಸೆಯಂದಿರೆಲ್ಲ ಇರಬೇಕು. ಅವಳು ಹೊರಟರೆ ಅನ್ವಿತಾಳೂ ಹೊರಡಬೇಕು, ಯಾಕೆಂದರೆ ಮಹಾಲಿಂಗ ಒಪ್ಪಿದ್ದೇ ಅಮ್ಮ ಜೊತೆಗಿರಬೇಕು ಎಂಬ ಷರತ್ತಿನ ಮೇಲೆ. ಆದರೆ ಕೇಳದವರಿಗೆ ಏನೂ ಇಲ್ಲ. ಕೇಳುವವರೆಗೆ ದೊಡ್ಡಮ್ಮ ಗಂಜಿತಿಳಿ ಕುಡಿಯುತ್ತಿದ್ದಾರೆ, ಗೋಮತಿ ವಿಯೆಟ್ನಾಮಿನಲ್ಲಿ ರಸ್ತೆ ದಾಟುತ್ತಿದ್ದಾಳೆ.

"ಯಾರ್ ಅಮ್ಮ ಫೋನ್?"

"ಯಾರೂ ಅಲ್ಲ. ಬ್ಯಾಂಕಿನವ್ರ್." ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. "ಹೆಣೆ, ಆ ನಿನ್ ಹಾಟ್‌ಸ್ಪಾಟ್ ಬಂದ್ ಮಾಡ್. ಸುಮ್ನೆ ಡೇಟಾ ಖರ್ಚಾತ್ತ್."

ಇಬ್ಬರಿಗೂ ಸೇರಿ ಇಲ್ಲಿಯ ಸಿಮ್ಮು ಒಂದೇ. ಅಮ್ಮನಿಗೆ ಬೇಕಾದಷ್ಟು ಇಂಟರ್ನೆಟ್ಟು, ಊರಿನಿಂದ ಬರುವ ವಾಟ್ಸಾಪ್ ಕರೆಯೂ ಸೇರಿ, ಮಗಳ ಫೋನಿನಿಂದ, ನೆರೆಮನೆಯಿಂದ ಹೆಪ್ಪು ತಂದ ಹಾಗೆ. ಎರಡು ದಿನದಿಂದ ಅಮ್ಮನಿಗೆ ಖರ್ಚಿನ ಪಾಠ ಹೇಳುತ್ತಿದ್ದ ಅನ್ವಿತಾ ಈ ಮಾತಿಗೆ ನಗುತ್ತಾಳೆ ಎಂದುಕೊಂಡಿದ್ದಳು. ನಗಲಿಲ್ಲ. "ಹೌದ್. ಬಂದ್ ಮಾಡುವ. ನಿನ್ ಫೋನ್ ಪೂರ್ತಿ ಆಫ್ ಮಾಡಿರೂ ಅಡ್ಡಿಲ್ಲೆ" ಎಂದು ಅವಸರವಾಗಿ ಒತ್ತಿಬಿಟ್ಟಳು. ಕಪ್ಪೆ ತಣ್ಣಗಾಯಿತು. ಗೋಮತಿಗೆ ಮೈ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯ ಜೊತೆಗೇ ಹಸಿವೂ ಆಯಿತು.

ಕಾವಲಿಗೆಂದು ಬಂದವಳು ಅವಳು. ಅನ್ವಿತಾ ಕುಂದಾಪುರದ ಒಂದು ಆಡಿಟ್ ಆಫೀಸಿನಲ್ಲಿ ದುಡಿದು, ಹೊಸ ಬಟ್ಟೆಯನ್ನೂ ಬಿಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬಳೇ ಹೊರಟಿದ್ದಳು. "ಒಬ್ಳೇ ಹೋಪುದ್ ಬ್ಯಾಡ. ಅಮ್ಮನ್ನ ಕರ್ಕಂಡ್ ಹೋಗ್" ಎಂದಿದ್ದ ಮಹಾಲಿಂಗ, ದೇವಸ್ಥಾನದ ಪೂಜೆಯ ಪಾಳಿ ಮುಗಿಸಿ ಬಂದು ಶಾಲು ಕೊಡವುತ್ತ. ಹಾಗೆಂದರೆ ತಾಯಿಯೂ ಒಪ್ಪುವುದಿಲ್ಲ, ಮಗಳೂ ಒಪ್ಪುವುದಿಲ್ಲ, ವಿಷಯ ತಾನಾಗಿ ತಣಿಯುತ್ತದೆ ಎಂಬ ಲೆಕ್ಕ ಅವನದು. ಗೋಮತಿ ಕೈಯಲ್ಲಿದ್ದ ಜರಡಿಯನ್ನು ಕೆಳಗಿಡುವ ಮೊದಲೇ "ಅಕ್ಕು" ಎಂದು ಒಪ್ಪಿಬಿಟ್ಟಿದ್ದಳು. ತಾನೇ ಹೇಳಿದೆನೇ ಎಂದು ಹಿಂದೆ ತಿರುಗಿ ನೋಡುವಂತಾಗಿತ್ತು. ಅವಳ ಬೆನ್ನಿನ ಚೀಲ ಮಗಳ ಗೆಳತಿ ಮೋಕ್ಷಿತಾಳಿಂದ ಎರವಲು ತಂದದ್ದು. ಗಂಗೊಳ್ಳಿಯಲ್ಲಿ ಅವಳ ಅಪ್ಪ ಲೀಲಾಧರನದು ಮೀನಿನ ವ್ಯಾಪಾರ. ವಿಮಾನದಲ್ಲಿ ತಲೆಯ ಮೇಲಿನ ಗೂಡಿನಿಂದ ಒಣಮೀನಿನ ವಾಸನೆ ಇಳಿದುಬಂದಾಗ ಪಕ್ಕದವರು ತಮ್ಮ ತಮ್ಮ ಕಾಲು ನೋಡಿಕೊಂಡಿದ್ದರು. ಗೋಮತಿ ಚೀಲದೊಳಗೆ ಊದುಬತ್ತಿಯ ಒಂದು ಪೊಟ್ಟಣ ಇಟ್ಟಳು. ಈಗ ಅದು ಮೀನುಪೇಟೆಯಲ್ಲಿ ಯಾರೋ ಮಂಗಳಾರತಿ ಮಾಡಿದ ಹಾಗೆ ನಾರುತ್ತದೆ. "ಪೂಜಿ ಭಟ್ಟರ ಹೆಂಡ್ತಿ ಬೆನ್ನ್ ಮೇಲೆ ಮೋಕ್ಷಿತಾನ ಮನಿ" ಎಂದು ಅನ್ವಿತಾ ನಕ್ಕಿದ್ದೇ ನಕ್ಕಿದ್ದು. ಇಳಿದುಕೊಂಡದ್ದು ಅತಿ ಅಗ್ಗದ ಹಾಸ್ಟೆಲಿನಲ್ಲಿ, ಒಂದೇ ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು. ಕೆಳಗಿನದಕ್ಕೆ ಸ್ವಲ್ಪ ಹೆಚ್ಚು ಬಾಡಿಗೆ ಎಂದು ಇಬ್ಬರೂ ಮೇಲಿನದೇ ತೆಗೆದುಕೊಂಡರು. ಮೊದಲ ದಿನ ಏಣಿಯ ಅರ್ಧದಲ್ಲಿ ಗೋಮತಿ ಮೇಲಕ್ಕೂ ಹೋಗಲಾಗದೆ ಕೆಳಕ್ಕೂ ಇಳಿಯಲಾಗದೆ ನಿಂತುಹೋದಾಗ, ಕೆಳಗಿನ ಮಂಚದ ಹೊಂಬಣ್ಣದ ಗಡ್ಡದ ಹುಡುಗ ಪರದೆ ಸರಿಸಿ, ಅವಳ ಹಿಮ್ಮಡಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲನೆ ಮೇಲಕ್ಕೆ ದೂಡಿದ್ದ. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನೂ ಮುಟ್ಟಿರದ ಜಾಗ ಹಿಮ್ಮಡಿ. ಮೇಲೆ ಬಿದ್ದುಕೊಂಡು, ವೇಲನ್ನು ಬಾಯಿಗೆ ಒತ್ತಿ, ಮಂಚವೆಲ್ಲ ಅಲುಗುವಷ್ಟು ನಕ್ಕಿದ್ದಳು.

ಪೇಟೆ ಬಡಗು ಬದಿಗೆ, ಸಮುದ್ರದ ದಡ ಹಿಡಿದು ನಡೆದರೆ ಸಿಗುತ್ತದೆ ಎಂದು ಹಾಸ್ಟೆಲಿನ ಹುಡುಗಿ ಹೇಳಿದ್ದಳು. ಬಸ್ಸು, ಟ್ಯಾಕ್ಸಿ ಎಲ್ಲ ದುಬಾರಿ ಎಂದು ನಡೆಯುವುದೇ ನಿಶ್ಚಯವಾಗಿತ್ತು. ಅನ್ವಿತಾ ಫೋನಿನಲ್ಲಿ ನಕ್ಷೆ ತೆಗೆಯುವಷ್ಟರಲ್ಲಿ ಗೋಮತಿ "ಅದೆಂತಕೆ? ಸಮುದ್ರ ಅಲ್ಲಿತ್ತ್. ಅದ್ ಪಡು. ಹಂಗಾರೆ ಬಡಗು ಬಲಗೈಗೆ" ಎಂದು ನಡೆದೇಬಿಟ್ಟಳು. ತನ್ನೂರು ಕೋಟದಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಅವಳಿಗೆ ದಿಕ್ಕು ತಪ್ಪುವುದಿಲ್ಲ. ಗಾಳಿಯ ಉಪ್ಪು ಮೂಗಿನ ಯಾವ ಹೊಳ್ಳೆಗೆ ಬಂತು ಎಂಬುದರಲ್ಲೇ ತಿಳಿಯುತ್ತದೆ. ಮಗಳು ಹಿಂದೆ ಬರುತ್ತಿದ್ದಳು, ನಡುನಡುವೆ ಅವಳ ಫೋನು ಹೊಡೆದುಕೊಳ್ಳುತ್ತಿತ್ತು, ಅವಳು ನೋಡಿ ಕಡಿಯುತ್ತಿದ್ದಳು. "ಯಾರ್?" ಎಂದರೆ "ಸಿಮ್ ಕಂಪನಿಯವ್ರ್." ನಡೆದರು. ಹೋಟೆಲುಗಳು ಮುಗಿದು ಮನೆಗಳು ಬಂದವು, ಮನೆಗಳು ಸಣ್ಣವಾದವು, ಓಣಿಯಾಯಿತು, ಓಣಿಯ ಕೊನೆಯಲ್ಲಿ ಕೋಳಿಗಳಿದ್ದವು. ಪೇಟೆ ಇಲ್ಲ. ಬಿಸಿಲು ತಲೆಗೇರಿತು. ಅಲ್ಲಿ ಒಬ್ಬ ಹೆಂಗಸು ಮನೆಯ ಮುಂದೆ ಹಂಡೆಯ ಬಾಯಿಗೆ ಬಟ್ಟೆ ಬಿಗಿದು, ಅಕ್ಕಿ ಹಿಟ್ಟನ್ನು ಸೌಟಿನಲ್ಲಿ ಹೊಯ್ದು ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸುತ್ತಿದ್ದಳು. ಬೆಂದದ್ದನ್ನು ಕೋಲಿನಿಂದ ಎತ್ತಿದರೆ ನೀರುದೋಸೆಗಿಂತ ತೆಳ್ಳಗೆ, ಆಚೆ ಬದಿಯ ಕೋಳಿ ಕಾಣುವಷ್ಟು. ಗೋಮತಿ ನಿಂತಳು. ನಿಂತವಳು ಕೂತಳು, ಅಲ್ಲಿದ್ದ ಅಂಗೈಯಗಲದ ಕೆಂಪು ಸ್ಟೂಲಿನ ಮೇಲೆ.

"ಅಕ್ಕಿ ಎಷ್ಟೊತ್ತ್ ನೆನ್ಸುದ್ ನೀವ್?" ಎಂದು ಕೇಳಿದಳು, ನೆರೆಮನೆಯವಳನ್ನು ಕೇಳಿದ ಹಾಗೆ.

ಆ ಹೆಂಗಸು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು.

"ಹ್ಞಾಂ, ನಾವೂ ಹಂಗೇ. ರಾತ್ರಿಯೇ ಹಾಕುದ್."

"ಅಮ್ಮ, ಅವ್ರ್ ಎಂತ ಹೇಳಿರ್ ಅಂತ ನಿಂಗ್ ಗೊತ್ತಾಯ್ತಾ?"

"ಅಕ್ಕಿ ವಿಷ್ಯ ಅಲ್ದಾ ಮಾರಾಯ್ತಿ. ಮತ್ತೆಂತ ಹೇಳ್ವುಕಿತ್ತ್?"

ಹೆಂಗಸು ಕೋಲನ್ನು ಅವಳ ಕೈಗೆ ಕೊಟ್ಟಳು. ಮೊದಲನೆಯದು ಹರಿದು ಮುದ್ದೆಯಾಯಿತು, ಎರಡನೆಯದು ಬಂತು, ಮೂರನೆಯದು ಎಷ್ಟು ಚೆಂದ ಬಂತೆಂದರೆ ಓಣಿಯ ಇನ್ನಿಬ್ಬರು ಹೆಂಗಸರು ಹೊರಬಂದು ನೋಡಿದರು. ಅದರೊಳಗೆ ಮಾಂಸ ಇಡಹೊರಟಾಗ ಗೋಮತಿ ಎರಡೂ ಕೈ ಜೋಡಿಸಿ ಬುದ್ಧನ ಹಾಗೆ ಕಣ್ಣು ಮುಚ್ಚಿ ತೋರಿಸಿದಳು, ಅವರಿಗೆ ತಟ್ಟನೆ ಅರ್ಥವಾಗಿ ಸೊಪ್ಪು ಸುತ್ತಿಕೊಟ್ಟರು. ಹುರಿದ ಈರುಳ್ಳಿ ಚೆಲ್ಲಿದ್ದು, ಬಿಸಿ ಬಿಸಿ. ಗೋಮತಿ ನಾಲ್ಕು ತಿಂದಳು. ಅನ್ವಿತಾ ಈರುಳ್ಳಿಯನ್ನು ಬೆರಳಿನಿಂದ ಬದಿಗೆ ಸರಿಸಿ, ಬರೀ ಬಿಳಿಯದನ್ನು ಚೂರು ಚೂರು ಹರಿದು ನುಂಗಿದಳು. ಹಸಿವಿಲ್ಲವೇ ಎಂದರೆ ಹೊಟ್ಟೆ ಸರಿಯಿಲ್ಲ ಎಂದಳು. ಬೇಯುವ ಅಕ್ಕಿಯ ಹಬೆ ಗೋಮತಿಯ ಮುಖಕ್ಕೆ ಬಡಿಯುತ್ತಿತ್ತು, ತನ್ನ ಮದುವೆಯ ದಿನ ಧಾರೆಮಂಟಪದಲ್ಲಿ ಹೊಗೆ ಬಡಿದ ಹಾಗೆ, ಹೊಗೆಯ ಆಚೆ ದೊಡ್ಡಮ್ಮ ಹೆಬ್ಬಾಗಿಲಲ್ಲಿ ನಿಂತು ಒಬ್ಬ ಗಂಡಸಿನ ಎದುರು ಅಂಗೈ ಅಡ್ಡ ಹಿಡಿದಿದ್ದರು. ಅಣ್ಣಯ್ಯನೆಂಬ ಅವನು ಸಿದ್ದಾಪುರದಿಂದ ಮೊದಲ ಬಸ್ಸಿಗೆ ಬಂದವನು. ದೊಡ್ಡಮ್ಮನ ತಮ್ಮ ಆ ಬೆಳಿಗ್ಗೆ ತೀರಿಕೊಂಡಿದ್ದ. ಮುಖ ನೋಡಿದೊಡನೆ ಅವರಿಗೆ ಗೊತ್ತಾಗಿರಬೇಕು. "ನೀ ಎಂತದೂ ಹೇಳ್ಬೇಡ. ಒಳಗ್ ಬಾ. ಕಾಫಿ ಕುಡಿ" ಎಂದು ಅವನನ್ನು ಅಡುಗೆಮನೆಯ ಹಿಂದೆ ಕೂರಿಸಿ, ತಾಳಿ ಕಟ್ಟುವವರೆಗೆ, ಊಟದ ಪಂಕ್ತಿ ಏಳುವವರೆಗೆ ಓಡಾಡಿದರು. ಗೋಮತಿಯ ಎಲೆಗೆ ಎರಡನೇ ಸಲ ಪಾಯಸ ಬಡಿಸಿ, "ಉಣ್ ಮಗಾ, ನಾಚ್ಕಿ ಎಂತಕೆ" ಎಂದು ಗಲ್ಲ ಮುಟ್ಟಿದವರೂ ಅವರೇ. ಸಂಜೆ ಕಿಟಕಿಯಿಂದ ಹೊಸ ಮದುಮಗಳು ಕಂಡದ್ದು: ಬಾವಿಕಟ್ಟೆಯಲ್ಲಿ ದೊಡ್ಡಮ್ಮ ಅಣ್ಣಯ್ಯನಿಗೆ "ಈಗ ಹೇಳ್" ಎಂದರು. ಅವನು ಹೇಳಿದ. ಅವರು ಮದುವೆಯ ಜರಿ ಸೀರೆಯಲ್ಲೇ ಕೊಡಪಾನ ಎತ್ತಿ ತಲೆಯ ಮೇಲೆ ಸುರಿದುಕೊಂಡರು.

"ಅಮ್ಮ, ಇಲ್ಲ್ ಕಾಣ್." ಅನ್ವಿತಾ ಕೊನೆಗೂ ನಕ್ಷೆ ತೆಗೆದಿದ್ದಳು. "ನಾವ್ ತೆಂಕು ಬದಿಗ್ ಬಂದಿತ್. ಇಲ್ಲಿ ಸಮುದ್ರ ಮೂಡಿಗೆ."

"ಎಂತ?"

"ಸಮುದ್ರ ಮೂಡು ಬದಿಗಮ್ಮ. ನಮ್ದರ ಉಲ್ಟಾ."

ಗೋಮತಿ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟಳು. "ಹಂಗಾರೆ ಸೂರ್ಯ ಮುಳ್ಗುದ್ ಎಲ್ಲಿ?"

"ಅಲ್ಲಿ, ಗುಡ್ಡದಲ್ಲಿ."

"ಹುಟ್ಟುದ್?"

"ನೀರಲ್ಲಿ."

ಹುಟ್ಟುವುದು ನೀರಿನಲ್ಲಿ. ಇಡೀ ಭೂಮಿಯನ್ನು ಯಾರೋ ದೋಸೆಯ ಹಾಗೆ ಮಗುಚಿ ಹಾಕಿದ್ದಾರೆ ಎನಿಸಿ ಗೋಮತಿಗೆ ತಲೆ ತಿರುಗಿತು. ತಿರುಗಿದ್ದೇ ಖುಷಿಯೆನಿಸಿತು. ಅವಳು ನಕ್ಕಳು, ಕಾರಣ ಗೊತ್ತಿಲ್ಲದೆ ಆ ಹೆಂಗಸರೂ ನಕ್ಕರು, ಅನ್ವಿತಾಳೂ ಸೋತು ನಕ್ಕಳು. ನಗು ಇಳಿಯುತ್ತಿದ್ದಾಗ ಅಡಿಯಲ್ಲಿ ಅದು ಹಾಗೇ ಕೂತಿತ್ತು: ಈಗ ಬಾರ್ಕೂರಿನ ಚಾವಡಿಯಲ್ಲಿ ಚಾಪೆ ಹಾಸಿರಬಹುದು, ತಲೆಯ ಹತ್ತಿರ ದೀಪ ಇಟ್ಟಿರಬಹುದು, "ಗೋಮತಿ ಎಲ್ಲಿ?" ಎಂದು ಯಾರೋ ಕೇಳಿರಬಹುದು. ಇಲ್ಲ, ಏನೂ ಆಗಿಲ್ಲ. ಯಾರೂ ಹೇಳಲಿಲ್ಲ. ಹೊರಡುವ ಮೊದಲು ಹೇಳಿಹೋಗಲು ಹೋದಾಗ ದೊಡ್ಡಮ್ಮ ಕಣ್ಣು ತೆರೆಯದೆ ಕೇಳಿದ್ದರು, "ಅಲ್ಲಿ ಸಮುದ್ರ ಇತ್ತಾ?" ಇದೆ ಎಂದಿದ್ದಳು. "ಹಂಗಾರೆ ನನ್ನ ಲೆಕ್ಕದಲ್ಲೂ ಒಂದ್ ಮುಳ್ಗ್ ಹಾಕ್." ತೀರ್ಥಕ್ಕೆ ಹೊರಟವರಿಗೆ ಹೇಳುವ ಹಾಗೆ. ಇದು ತೀರ್ಥ ಅಲ್ಲ ದೊಡ್ಡಮ್ಮ, ಸುಮ್ಮನೆ ತಿರುಗುವುದು ಎನ್ನಲು ಬಾಯಿ ಬರಲಿಲ್ಲ.

ಸಂಜೆ ನದಿಯ ಕಟ್ಟೆಯ ಮೇಲೆ ಕೂತು ಕಾಲಿನ ಗುಳ್ಳೆಗಳನ್ನು ನೋಡಿಕೊಳ್ಳುತ್ತಿದ್ದಾಗ ಮಹಾಲಿಂಗನ ಫೋನು ಬಂತು, ಅನ್ವಿತಾಳದಕ್ಕೆ. ಹೆಸರು ನೋಡಿ ಅವಳು ಒಂದು ಗಳಿಗೆ ತಡೆದು, "ಅಪ್ಪಯ್ಯ" ಎಂದು ಕೊಟ್ಟಳು. ಗೋಮತಿ ಎದೆ ಗಟ್ಟಿಮಾಡಿಕೊಂಡಳು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಕೇಳಿದರೆ ಹೇಳಿಬಿಡುತ್ತಾನೆ.

"ಎಂತ, ಆರಾಮಾ? ಉಂಡ್ರ್ಯಾ?"

"ಹೂಂ. ನೀವ್?"

"ಇಲ್ಲಿ ಎಲ್ಲ ಆರಾಮ್. ಎಂತ ವಿಶೇಷ ಇಲ್ಲೆ." ಕೇಳದೆಯೇ ಹೇಳಿದ. ಧ್ವನಿ ಕಟ್ಟಿತ್ತು.

"ಗಂಟ್ಲ್ ಎಂತಕೆ ಕಟ್ಟಿತ್?"

"ಅದಾ... ಹೊಗಿ. ಒಲಿ ಹೊಗಿ."

ಮನೆಯಲ್ಲಿರುವುದು ಗ್ಯಾಸು. ಗೋಮತಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಮುದ್ರ ದಾಟಿ, ಅವನ ಹಿಂದಿನಿಂದ ಟಪ್, ಟಪ್ ಎಂದು ಕೇಳಿತು. ಅಡುಗೆಮನೆಯ ನಲ್ಲಿ. ಸರಿ ಮಾಡಿಸಿ ಎಂದು ಅವಳು ಹೇಳುತ್ತಲೇ ಇದ್ದದ್ದು, ಸ್ಟೀಲಿನ ಬಾಲ್ದಿಗೆ ಬೀಳುವ ಹನಿ. ಊರಿನಲ್ಲಿ ಈಗ ದೇವಸ್ಥಾನದ ಸಂಜೆಯ ಪೂಜೆಯ ಹೊತ್ತು. ಈ ತಿಂಗಳ ಪಾಳಿ ಅವನದೇ. ಜ್ವರ ಬಂದರೂ ತಪ್ಪಿಸದವನು ಅಡುಗೆಮನೆಯಲ್ಲಿ ಕೂತಿದ್ದಾನೆ ಎಂದರೆ ಗರ್ಭಗುಡಿಯ ಹೊಸ್ತಿಲು ದಾಟುವ ಹಾಗಿಲ್ಲ. ಹೊಗೆ ಎಲ್ಲಿಯದೆಂದೂ ತಿಳಿಯಿತು. ಸುಡಲು ಹೋದವರ ಗಂಟಲಿಗೆ ಕೂರುವ ಹೊಗೆ.

"ದೇವಸ್ಥಾನಕ್ಕೆ ಹೋಯ್ಲಿಲ್ಯಾ?" ಎಂದಳು. ಕೇಳಬಾರದಿತ್ತು.

"ಹಾಂ, ಈಗ ಹೊರ್ಟೆ" ಎಂದ ಮಹಾಲಿಂಗ, ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಧ್ವನಿಯಲ್ಲಿ. "ನೀವ್ ತಿರ್ಗಿ. ಲಾಯ್ಕ್ ಮಾಡಿ ತಿರ್ಗಿ. ಸುಗುಣಕ್ಕ ಫೋನ್ ಮಾಡಿರೆ ತೆಗಿಬೇಡಿ. ಅವ್ಳದ್ದೊಂದ್ ಮಾತ್ ಹೆಚ್ಚ್."

ಪಂಚಾಂಗ ನೋಡದೆ ಉಗುರೂ ತೆಗೆಯದವನು ಅವಳಿಗಾಗಿ ಸುದ್ದಿಯನ್ನು ಅಂಗೈ ಅಡ್ಡ ಹಿಡಿದು ತಡೆಯುತ್ತಿದ್ದಾನೆ. ಫೋನು ಮಗಳಿಗೆ ಕೊಟ್ಟಳು. ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಎಂತದೋ, ಅಳುವಿನ ಹಾಗೇ ಗಂಟಲಿಗೆ ಬಂದು, ಹೊರಗೆ ನಗುವಾಗಿ ಬಿತ್ತು. "ಎಂತ ಅಂಬ್ರ್?" ಎಂದು ಅನ್ವಿತಾ ಅವಳ ಮುಖ ನೋಡದೆ ಕೇಳಿದಳು. "ಎಂತದೂ ಇಲ್ಲೆ ಅಂಬ್ರ್. ಎಲ್ಲ ಆರಾಮ್." "ಹೌದಾ," ಎಂದಳು ಮಗಳು.

ಎಂದಿನಂತೆ ನಸುಕಿಗೆ ಎಚ್ಚರವಾಯಿತು. ಏಣಿ ಇಳಿಯುವುದನ್ನು ಈಗ ಕಲಿತಿದ್ದಳು, ಬೆನ್ನು ಗೋಡೆಗೆ ಮಾಡದೆ, ಬಾವಿಗೆ ಇಳಿಯುವವರ ಹಾಗೆ. ಇಳಿಯುವಾಗ ಕೆನ್ನೆಗೆ ತಣ್ಣಗೆ ಏನೋ ತಾಗಿತು. ಪಕ್ಕದಲ್ಲೇ ಇದ್ದ ಮಗಳ ಮಂಚದ ಕಂಬಿಯ ಮೇಲೆ ಹಿಂದಿನ ದಿನ ಉಟ್ಟ ಹಳದಿ ಕುರ್ತಾ, ಪ್ಯಾಂಟು, ಎರಡೂ ತೊಪ್ಪೆಯಾಗಿ ನೇತಾಡುತ್ತಿದ್ದವು. ಹಿಂಡಿರಲೂ ಇಲ್ಲ. ಒಗೆಯುವವಳು ಹಿಂಡುತ್ತಾಳೆ. ಅನ್ವಿತಾ ದಿಂಬಿನ ಮೇಲೆ ಟವೆಲು ಹಾಸಿ ಒದ್ದೆ ಕೂದಲು ಹರಡಿ ಮಲಗಿದ್ದಳು. ಹತ್ತು ಗಂಟೆಯ ಮೊದಲು ಮೈಗೆ ನೀರು ತಾಗಿಸದ, ಮಡಿ ಎಂದರೆ ಮೂಗು ಮುರಿಯುವ, ಸೂತಕ ಎಂದರೆ ಅಪ್ಪನ ಜೊತೆ ವಾದಕ್ಕೆ ನಿಲ್ಲುವ ಹುಡುಗಿ. ಎಲ್ಲರೂ ಮಲಗಿದ ಮೇಲೆ ಆ ಸಣ್ಣ ಬಚ್ಚಲಿನಲ್ಲಿ, ಉಟ್ಟ ಬಟ್ಟೆಯಲ್ಲೇ, ಷವರಿನ ಕೆಳಗೆ ನಿಂತಿರಬೇಕು. ಬದಿಗೆ ಸರಿಸಿದ ಈರುಳ್ಳಿ. ಸಿಮ್ ಕಂಪನಿಯ ಫೋನು. ನಿನ್ನೆ ಬೆಳಗ್ಗೆಯೇ ಸುದ್ದಿ ಅವಳ ಕಿವಿಗೆ ಬಿದ್ದಿತ್ತು. ಗೋಮತಿ ಏಣಿಯ ಅರ್ಧದಲ್ಲಿ ನಿಂತು ಆ ಒದ್ದೆ ತಲೆಯ ಮೇಲೆ ಕೈ ಇಟ್ಟಳು. ಮಗಳ ಕಣ್ಣುಗಳು ತೆರೆದುಕೊಂಡವು.

"ಸಮುದ್ರಕ್ಕೆ ಹೋಪ, ಬಾ."

"ಈಗ್ಳಾ?"

"ಮೀವುಕೆ."

ಅನ್ವಿತಾ ಕಂಬಿಯ ಮೇಲಿನ ಬಟ್ಟೆಯನ್ನೂ ಅಮ್ಮನನ್ನೂ ನೋಡಿದಳು. "ಅಮ್ಮ, ನಂಗ್ ಯಾರೂ ಎಂತದೂ ಹೇಳ್ಲಿಲ್ಲೆ" ಎಂದಳು ಪಿಸುಮಾತಿನಲ್ಲಿ.

"ನಂಗೂ ಹೇಳ್ಲಿಲ್ಲೆ. ಏಳ್."

ದಡದಲ್ಲಿ ಆಗಲೇ ಜನ. ಆ ಊರಿನ ಮುದುಕಿಯರು ಹೂವಿನ ಅಂಗಿ, ಪೈಜಾಮ, ಟೋಪಿ ಹಾಕಿಕೊಂಡೇ ಎದೆಮಟ್ಟ ನೀರಿನಲ್ಲಿ ನಿಂತು ಸಂತೆಯ ಹಾಗೆ ಹರಟುತ್ತಿದ್ದರು. ಉಟ್ಟ ಬಟ್ಟೆಯಲ್ಲಿ ಸಮುದ್ರಕ್ಕಿಳಿದ ತಾಯಿ ಮಗಳನ್ನು ಯಾರೂ ವಿಚಿತ್ರವಾಗಿ ನೋಡಲಿಲ್ಲ. ನೀರು ಬೆಚ್ಚಗಿತ್ತು. ಗೋಮತಿ ಮೂಗು ಹಿಡಿದು ಮುಳುಗಿದಳು, ಒಂದು, ಕಿವಿಯೊಳಗೆ ಭೋರೆಂದಿತು, ಎರಡು, ಉಣ್ ಮಗಾ, ನಾಚ್ಕಿ ಎಂತಕೆ, ಮೂರು. ಮೇಲೆದ್ದಾಗ ಕಣ್ಣಿನ ಉಪ್ಪು ಯಾವುದು ಸಮುದ್ರದ ಉಪ್ಪು ಯಾವುದು ಎಂದು ಬೇರೆ ಮಾಡುವ ಹಾಗಿರಲಿಲ್ಲ. ಪಕ್ಕದಲ್ಲಿ ಅನ್ವಿತಾಳೂ ಮುಳುಗೆದ್ದು ಕೆಮ್ಮುತ್ತಿದ್ದಳು. ಒಬ್ಬ ಮುದುಕಿ, ಇವರಿಗೆ ಈಜು ಬಾರದೆಂದು ಬಗೆದು, ಗೋಮತಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಅವಳನ್ನು ನೀರಿನ ಮೇಲೆ ತೇಲಿಸಿಯೇಬಿಟ್ಟಳು, ಕಾಲು ಬಡಿ ಎಂದು ತೋರಿಸುತ್ತ. ಗೋಮತಿ ಕಾಲು ಬಡಿದಳು.

ಮರಳಿನ ಮೇಲೆ ಕೂತು ಮಗಳ ಫೋನಿನಿಂದ ಅವಳೇ ಮನೆಗೆ ಮಾಡಿದಳು. ಊರಿನಲ್ಲಿ ಇನ್ನೂ ಕತ್ತಲೆ. ಪಾಳಿ ಇರಲಿ ಬಿಡಲಿ ಆ ಹೊತ್ತಿಗೆ ಏಳುವವನು ಒಂದೇ ರಿಂಗಿಗೆ ಎತ್ತಿದ.

"ಹ್ವಾಯ್. ಸಮುದ್ರಕ್ಕೆ ಬಂದಿತ್. ಮಿಂದಾಯ್ತ್."

ಟಪ್, ಟಪ್.

"ಉಟ್ಟ ಬಟ್ಟಿಯಂಗೇಯಾ?" ಎಂದ ಮಹಾಲಿಂಗ, ಬಹಳ ಮೆಲ್ಲಗೆ.

"ಹೂಂ."

"ಹೆಣ್ಣ್?"

"ಅವ್ಳೂ."

ಅವನು ಬಾಲ್ದಿಯನ್ನು ಅತ್ತ ಸರಿಸಿದ ಸದ್ದು ಕೇಳಿತು. ಆಮೇಲೆ, "ತಲಿ ಲಾಯ್ಕ್ ಒರ್ಸ್ಕಣಿ. ಥಂಡಿ ಆತ್ತ್. ಇಲ್ಲಿ ಕೆಲ್ಸಕ್ಕೆಲ್ಲ ಜನ ಇತ್ತ್. ನೀ ಈಗ್ಳೇ ಬಂದ್ ಆಯ್ಕಾದ್ ಎಂತದೂ ಇಲ್ಲೆ. ನಿಂಗ್ ಯಾರೂ ಎಂತ ಹೇಳ್ಲಿಲ್ಲೆ ಅಲ್ದಾ?" ಎಂದ.

"ಇಲ್ಲೆ."

"ಹಾಂ. ತಿರ್ಗಿ ಮುಗ್ಸೇ ಬನ್ನಿ."

"ಆ ನಲ್ಲಿ ಸರಿ ಮಾಡ್ಸಿ" ಎಂದಳು ಗೋಮತಿ. 

ಅಷ್ಟರಲ್ಲಿ ಮುದುಕಿಯರ ಹರಟೆ ತಗ್ಗಿತು. ಬೆಳಗಾಗುತ್ತಿತ್ತು. ಗೋಮತಿ ಎದ್ದು, ಒದ್ದೆ ಬಟ್ಟೆ ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಮಾಡಿದ ಹಾಗೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ಮುಚ್ಚಿದ ಅಂಗಡಿಗಳಿಗೂ ಒಂದು ಎಳನೀರಿನ ಗಾಡಿಗೂ ಭಕ್ತಿಯಿಂದ ಕೈ ಮುಗಿದಳು. ಗಾಡಿಯವನು ಗಾಬರಿಯಾಗಿ ತಾನೂ ತಲೆ ಬಾಗಿಸಿದ.

"ಅಮ್ಮಾ," ಎಂದಳು ಅನ್ವಿತಾ. ನಿನ್ನೆ ಬೆಳಗ್ಗೆಯಿಂದ ಮೊದಲ ಸಲ ಅವಳು ಹೊಟ್ಟೆ ತುಂಬ ನಗುತ್ತಿದ್ದಳು. ಭುಜ ಹಿಡಿದು ಅಮ್ಮನನ್ನು ತಿರುಗಿಸಿದಳು, ಹಸೆಯ ಮೇಲೆ ಮದುಮಗಳನ್ನು ತಿರುಗಿಸಿ ನಿಲ್ಲಿಸುವ ಹಾಗೆ. ಅಲ್ಲಿ, ಸೂರ್ಯ ಮುಳುಗಬೇಕಾದ ಜಾಗದಲ್ಲಿ, ನೀರು ಸುರಿಸಿಕೊಳ್ಳುತ್ತ ಅವನು ಮೇಲೆ ಬರುತ್ತಿದ್ದ, ಈಗಷ್ಟೇ ಮುಳುಗು ಹಾಕಿ ಎದ್ದವರ ಹಾಗೆ.